ಧಾರವಾಡದ ಚಳಿಗೆ ಕಟ್ಟಿಗೆ ಒಲೆ ಹಿತವೇ?

ಧಾರವಾಡದಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನೀವು, ಕರೆಂಟ್ ಹೀಟರಿಗಿಂತ ಕಟ್ಟಿಗೆ ಒಲೆಯ ಶಾಖ ನಿಜಕ್ಕೂ ಹಿತವೇ, ಅದರಿಂದ ಇಡೀ ಮನೆ ಬೆಚ್ಚಗಾಗುವುದೇ ಎಂದು ಕೇಳಿದ್ದೀರಿ. ಹಿತವಂತೂ ಹೌದು, ಇಡೀ ಮನೆಯ ಆಸೆಯನ್ನು ಮಾತ್ರ ಬಿಟ್ಟುಬಿಡಿ. ನಮ್ಮಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣತೆ 12-14 ಡಿಗ್ರಿಗೆ ಇಳಿದರೂ ಮಧ್ಯಾಹ್ನದ ಹೊತ್ತಿಗೆ ಸ್ವೆಟರ್ ಬಿಚ್ಚುವಷ್ಟು ಬಿಸಿಲಿರುತ್ತದೆ. ನಾಲ್ಕು ತಾಸಿನ ಈ ಚಳಿಗಾಗಿ ಯುರೋಪಿನ ಮನೆಗಳಲ್ಲಿರುವಂಥ ಕಬ್ಬಿಣದ ಒಲೆಯನ್ನು ತಂದು ನಡುಮನೆಯಲ್ಲಿ ಕೂಡಿಸುವುದು ನನ್ನ ಲೆಕ್ಕದಲ್ಲಿ ದುಂದುವೆಚ್ಚ.

ಫ್ಯಾನ್ ಇರುವ ಹೀಟರು ಕಾಯಿಸುವುದು ಗಾಳಿಯನ್ನು; ಕಾದ ಗಾಳಿ ಮೇಲೇರಿ ಛತ್ತಿಗೆ ಸೇರಿಕೊಳ್ಳುವುದರಿಂದ ನೆಲದ ಮೇಲೆ ಕುಳಿತವರ ಕಾಲು ತಣ್ಣಗೇ ಉಳಿಯುತ್ತದೆ. ಕೆಂಡದ ಝಳವಾದರೋ ಎಳೆಬಿಸಿಲಿನಂತೆ ನೇರವಾಗಿ ಮೈಗೆ ತಾಗುತ್ತದೆ. ಅಲ್ಲದೆ ಒಲೆಯ ಕಟ್ಟೆಯೂ ಹಿಂದಿನ ಗೋಡೆಯೂ ಶಾಖವನ್ನು ಹೀರಿ ಇಟ್ಟುಕೊಂಡು, ಬೆಂಕಿ ಆರಿದ ಎಷ್ಟೋ ಹೊತ್ತಿನವರೆಗೆ ನಿಧಾನವಾಗಿ ಬಿಡುತ್ತವೆ. ಗದಗ ಕಡೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆಗಳಲ್ಲಿ ಈ ಸುಖ ಹೆಚ್ಚು. ಆರಿಂಚಿನ ಸಿಮೆಂಟ್ ಗೋಡೆಯಿಂದ ಅಷ್ಟನ್ನು ನಿರೀಕ್ಷಿಸಬಾರದು. ನಮ್ಮ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅಜ್ಜಿ, ಮಕ್ಕಳು, ಬೆಕ್ಕು ಎಲ್ಲರೂ ಒಲೆಯ ಬದಿಗೇ ಬಂದು ಕೂಡುತ್ತಾರೆ. ಕೋಡೊಲೆಯ ಮೇಲಿಟ್ಟ ಸಾರು ಕೊನೆಯವರು ಉಣ್ಣುವ ತನಕ ಬಿಸಿಯಾಗಿಯೇ ಇರುತ್ತದೆ. (ಹೀಟರಿನ ಮೇಲೆ ಸಾರು ಇಡಲಾಗದು, ಅದೊಂದು ಕೊರತೆ.)

ಆದ್ದರಿಂದ ನನ್ನ ಸಲಹೆ ಇಷ್ಟು: ಬಚ್ಚಲಿನ ಗೋಡೆಗೆ ಹೊಂದಿಸಿ ಒಂದು ಹಂಡೆ ಒಲೆ ಕಟ್ಟಿಸಿ, ಅದರ ಬಾಯಿಯನ್ನು ನಾಲ್ಕು ಜನ ಕೂಡಬಹುದಾದ ಹಿತ್ತಲ ಪಡಸಾಲೆಗೆ ತೆರೆಯಿರಿ. ಸ್ನಾನಕ್ಕೆ ನೀರು ಕಾಯುವುದು ಹೇಗೂ ಬೇಕು, ಚಳಿ ಕಾಯಿಸಿಕೊಳ್ಳುವುದು ಅದರ ಜೊತೆಗೇ ಆಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 4 ಯುನಿಟ್ ಕರೆಂಟಿಗೆ ಸಮನಾದ ಶಾಖವಿದ್ದರೂ, ಮೂರು ಕಲ್ಲಿನ ಒಲೆಯಲ್ಲಿ ಅದರ ಬಹುಪಾಲು ಸುತ್ತಲಿನ ಗಾಳಿಗೂ ಹೊಗೆಗೂ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಲ್ಲಿ ಕೆಳಗಿನ ಜಾಲರಿಯಿಂದ ಗಾಳಿ ಬಂದು, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಹಂಡೆ ಒಲೆಗೂ ಇದೇ ತತ್ವವನ್ನು ಅನುಸರಿಸಿ.

ಕಟ್ಟಿಗೆಯ ವಿಷಯದಲ್ಲಿ ಚೌಕಾಶಿ ಬೇಡ. ಆಗತಾನೆ ಕಡಿದ ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದರಿಂದ, ಬೆಂಕಿಯ ಶಕ್ತಿಯ ಒಂದು ಪಾಲು ಅದನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಠಣ್ ಎಂದರೆ ಒಣಗಿದೆ ಎಂದು ತಿಳಿಯಬಹುದು. ಮಂದ ಸದ್ದು ಬಂದರೆ ಇನ್ನೂ ಹಸಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಬೆಂಕಿ ಹೊತ್ತಿಸಲು ಚಲೋ, ಕೆಂಡ ನಿಲ್ಲುವುದಕ್ಕೆ ಜಾಲಿ ಬೇಕು. ಬೇಸಿಗೆಯಲ್ಲೇ ಒಡೆಸಿ, ಮಳೆಗಾಲಕ್ಕೆ ಮುಂಚೆ ತಗಡಿನ ಕೆಳಗೆ ಗಾಳಿಯಾಡುವಂತೆ ಒಟ್ಟಿಡಿ.

ಶೇಗಡಿಯಲ್ಲಿ ಕೆಂಡ ತುಂಬಿ, ಬಾಗಿಲು ಹಾಕಿಕೊಂಡು ಮಲಗುವುದನ್ನು ಎಂದಿಗೂ ಮಾಡಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಹೊಗೆಕೊಳವೆಯನ್ನು ಛತ್ತಿನ ಮೇಲೆ ಮೂರಡಿಯಾದರೂ ಏರಿಸಿ, ಒಳಗೆ ಕಟ್ಟಿದ ಮಸಿಗೆ ಬೆಂಕಿ ಹತ್ತದಂತೆ ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸಿ. ಅದು ಹಾದುಹೋಗುವ ತೂತನ್ನು ಸ್ಲ್ಯಾಬ್ ಹಾಕುವ ಮೊದಲೇ ಬಿಡಬೇಕೆಂದು ಗೌಂಡಿಗೆ ಈಗಲೇ ಹೇಳಿಡಿ, ಆಮೇಲೆ ಕೊರೆಸಿದರೆ ಮಳೆಗಾಲದಲ್ಲಿ ಅಲ್ಲಿಂದಲೇ ಸೋರುವ ಸಂಭವ ಹೆಚ್ಚು.