ಸೋಮನಾಥಪುರದ ಫೋಟೋವನ್ನು ಎಲ್ಲಿ ಕ್ರಾಪ್ ಮಾಡಬೇಕು?

ನಿಮ್ಮ ಕಷ್ಟ ನನಗೆ ಅರ್ಥವಾಯಿತು. ಕೇಶವ ದೇವಸ್ಥಾನವನ್ನು ಹಿಂದಿನ ಮೂಲೆಯಿಂದ ಅಡ್ಡವಾಗಿ ತೆಗೆದಿದ್ದೀರಿ, ಮೂರೂ ಶಿಖರ ಬಂದಿವೆ. ಮೇಲೆ ಬರೀ ಆಕಾಶ, ಕೆಳಗೆ ಖಾಲಿ ಅಂಗಳ, ಬಲಗಡೆ ಅಂಚಿನಲ್ಲಿ ಒಂದು ಬೋರ್ಡು, ಜಗತಿಯ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆಯ, ಮೇಲೆ ಯಾರೋ ಅಜ್ಜಿ. ಇದನ್ನು ಇನ್‌ಸ್ಟಾಗ್ರಾಮ್‌ಗೆ ಉದ್ದ ಮಾಡಿ, ಅಂದರೆ ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಹಾಗೆ ಕತ್ತರಿಸಿ, ಹಾಕಬೇಕು, ಎಲ್ಲಿ ಕತ್ತರಿಸಲಿ ಅಂತ ಕೇಳಿದ್ದೀರಿ.

ಎಲ್ಲರೂ ಮೊದಲು ಆಕಾಶಕ್ಕೆ ಕೈ ಹಾಕುತ್ತಾರೆ. ನೀವು ಕೆಳಗಿನಿಂದ ಶುರು ಮಾಡಿ. ಈ ಗುಡಿ ನಿಂತಿರುವುದು ನಕ್ಷತ್ರದ ಆಕಾರದ ಜಗತಿಯ ಮೇಲೆ. ಗೋಡೆ ಎಲ್ಲೆಲ್ಲಿ ತಿರುಗುತ್ತದೋ ಜಗತಿಯೂ ಅದರ ಜೊತೆಗೇ ತಿರುಗುತ್ತದೆ. ಕಟ್ಟಡ ಹೇಗೆ ಸುತ್ತಿಕೊಂಡಿದೆ ಅಂತ ನೋಡುವವರಿಗೆ ತಿಳಿಯುವುದೇ ಆ ಅಂಚಿನಿಂದ. ಅದನ್ನು ಕತ್ತರಿಸಿದರೆ ಗುಡಿ ನೆಲದಲ್ಲಿ ಹೂತುಹೋದ ಹಾಗೆ ಕಾಣುತ್ತದೆ. ಅದಕ್ಕೇ ಜಗತಿ ಪೂರ್ತಿ ಇರಲಿ, ಅದರ ಮುಂದೆ ಒಂದಿಷ್ಟು ನೆಲವೂ ಇರಲಿ. ಎಷ್ಟು? ಫೋಟೋದಲ್ಲಿ ಜಗತಿ ಎಷ್ಟು ಎತ್ತರ ಕಾಣುತ್ತದೋ ಹೆಚ್ಚುಕಮ್ಮಿ ಅಷ್ಟೇ ನೆಲ ನಾನು ಬಿಡುತ್ತೇನೆ. ಇದು ಶಾಸ್ತ್ರವೇನಲ್ಲ, ನನ್ನ ಅಭ್ಯಾಸ ಅಷ್ಟೇ.

ಆಕಾಶದ ವಿಷಯ ಸುಲಭ. ಇದು ಎತ್ತರದ ಗುಡಿಯಲ್ಲ, ಅಗಲದ ಗುಡಿ. ಮೇಲೆ ಜಾಸ್ತಿ ಜಾಗ ಬಿಟ್ಟರೆ ಇನ್ನೂ ಕುಳ್ಳಗೆ ಕಾಣುತ್ತದೆ. ಶಿಖರದ ತುದಿ ಅಂಚಿಗೆ ತಾಗದ ಹಾಗೆ ಸ್ವಲ್ಪ ಉಳಿಸಿ, ಮಿಕ್ಕಿದ್ದು ತೆಗೆಯಿರಿ.

ಪೇಚಿಗೆ ಸಿಕ್ಕುವುದು ಪಕ್ಕಗಳಲ್ಲಿ. ಇದು ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ದೇವಸ್ಥಾನ: ನಡುವೆ ಕೇಶವ, ಎರಡು ಕಡೆ ಜನಾರ್ದನ ಮತ್ತು ವೇಣುಗೋಪಾಲ. ಮೂರೂ ಶಿಖರ ಇರಬೇಕು, ಇಲ್ಲವೇ ಒಂದೇ ಇರಬೇಕು. ಎರಡೂವರೆ ಇದ್ದರೆ ನೋಡಿದವರಿಗೆ ನಿಮ್ಮ ಕೈ ಜಾರಿತು ಅನ್ನಿಸುತ್ತದೆ. ನನಗೆ ಇದರ ಬಿಸಿ ತಟ್ಟಿದೆ. ಒಂದು ಸ್ಟುಡಿಯೋಗೆ ಇದೇ ಗುಡಿಯ ಫೋಟೋ ಕೊಟ್ಟು 10×8 ಇಂಚಿನ ಪ್ರಿಂಟ್ ಹಾಕಿ ಎಂದೆ. ನನ್ನ ಫೈಲು 6000×4000 ಪಿಕ್ಸೆಲ್. 4000 ಎತ್ತರ ಪೂರ್ತಿ ಇಟ್ಟುಕೊಂಡರೆ 10×8ಕ್ಕೆ ಬೇಕಾದ ಅಗಲ 5000 ಮಾತ್ರ. ಅವರು ಕೇಳದೆ ಎರಡೂ ಕಡೆ 500 ಕತ್ತರಿಸಿದರು, ಎಡಗಡೆ ಶಿಖರ ಅರ್ಧ ಹೋಯಿತು. ಫ್ರೇಮ್ ಹಾಕಿಸಿ ಮನೆಗೆ ತಂದ ಮೇಲೆ ನೋಡಿದೆ. ತಪ್ಪು ನನ್ನದೂ ಹೌದು, 12×8 ಎಂದಿದ್ದರೆ ಏನೂ ಹೋಗುತ್ತಿರಲಿಲ್ಲ.

ಈಗ ನಿಮ್ಮ ಲೆಕ್ಕ. ಅಂಥದ್ದೇ 6000×4000 ಫೋಟೋವನ್ನು 4:5ರಲ್ಲಿ (ಅಗಲ 4 ಪಾಲು, ಎತ್ತರ 5 ಪಾಲು) ಉದ್ದ ಮಾಡಿದರೆ ಉಳಿಯುವ ಅಗಲ 3200. ಅರ್ಧದ ಹತ್ತಿರ ಹೋಯಿತು ಅಲ್ವಾ? ಮೂರು ಶಿಖರ ಅಷ್ಟರಲ್ಲಿ ಹಿಡಿಸಿದರೆ ಸರಿ. ಹಿಡಿಸದಿದ್ದರೆ ಬಲವಂತ ಮಾಡಬೇಡಿ. ಪೂರ್ತಿ ಗುಡಿಯನ್ನು ಅಡ್ಡವಾಗಿಯೇ ಹಾಕಿ. ಉದ್ದದ ಚೌಕಟ್ಟಿಗೆ ಒಂದೇ ಶಿಖರ, ಅದರ ಕೆಳಗಿನ ಗೋಡೆ, ಜಗತಿ, ಇಷ್ಟನ್ನು ತೆಗೆದುಕೊಳ್ಳಿ. ಒಳ್ಳೆಯ ಚಿತ್ರವಾಗುತ್ತದೆ. ಇನ್ನೂ ಹತ್ತಿರ ಹೋಗಿ ಬರೀ ಗೋಡೆಯನ್ನು ತೋರಿಸುವುದಾದರೆ ಪಟ್ಟಿಕೆಗಳ, ಅಂದರೆ ಗೋಡೆಯ ಮೇಲೆ ಒಂದರ ಮೇಲೊಂದು ಇರುವ ಕೆತ್ತನೆಯ ಸಾಲುಗಳ, ನಡುವಿನ ಗೆರೆಯಲ್ಲೇ ಕತ್ತರಿಸಿ. ಕೆಳಗಡೆ ಆನೆ, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಪುರಾಣದ ಕತೆ. ಆನೆಯ ಕಾಲು ಕತ್ತರಿಸಿದ ಎಷ್ಟೋ ಫೋಟೋ ನೋಡಿದ್ದೇನೆ, ಪಾಪ ಅನ್ನಿಸುತ್ತದೆ.

ಕ್ರಾಪ್ ಮಾಡುವ ಮೊದಲು ಫೋಟೋವನ್ನು ನೆಟ್ಟಗೆ ಮಾಡಿಕೊಳ್ಳಿ. ಕ್ಯಾಮೆರಾ ಮೇಲಕ್ಕೆತ್ತಿ ತೆಗೆದಿದ್ದರೆ ಕಟ್ಟಡ ಹಿಂದಕ್ಕೆ ವಾಲಿರುತ್ತದೆ. ಶಿಖರ ಹೇಗೂ ಮೇಲೆ ಹೋದಂತೆ ಕಿರಿದಾಗುವುದರಿಂದ ಅದನ್ನು ನೋಡಿ ವಾಲಿದ್ದು ಗೊತ್ತಾಗುವುದಿಲ್ಲ. ಗುಡಿಯ ಸುತ್ತ ಕೈಸಾಲೆ, ಅಂದರೆ ಕಂಬಗಳ ಪಡಸಾಲೆ, ಇದೆಯಲ್ಲ, ಅದರ ಕಂಬಗಳನ್ನು ನೋಡಿ ಸರಿಪಡಿಸಿ. ಮೊಬೈಲಿನ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೇ ಆಗುತ್ತದೆ. ಹೀಗೆ ಸರಿಪಡಿಸುವಾಗ ಮೂಲೆಗಳು ಒಂದಿಷ್ಟು ಹೋಗುತ್ತವೆ. ಮೊದಲೇ ಬಿಗಿಯಾಗಿ ಕ್ರಾಪ್ ಮಾಡಿಬಿಟ್ಟರೆ ಆಮೇಲೆ ಶಿಖರದ ತುದಿಯೇ ಹೋದೀತು.

ಬೋರ್ಡು ಅಂಚಿನಲ್ಲಿದೆ, ಶಿಖರ ಕೆಡದಿದ್ದರೆ ಕತ್ತರಿಸಿ ಬಿಸಾಕಿ. ಅಜ್ಜಿಯನ್ನು ಮಾತ್ರ ತೆಗೆಯಬೇಡಿ. ಅವರು ಇರುವುದರಿಂದಲೇ ಗೋಡೆ ಎಷ್ಟು ಎತ್ತರ ಅಂತ ಗೊತ್ತಾಗುತ್ತದೆ. ಅವರು ನೋಡುತ್ತಿರುವ ಕಡೆ ಸ್ವಲ್ಪ ಜಾಸ್ತಿ ಜಾಗ ಬಿಡಿ.