ಟಾರ್ಚ್ ಹಿಡಿದು ಸ್ಪಿಂಡಲ್ ಒಳಗೆ ನೋಡಿ

ಪ್ರಶ್ನೆ: ಮಲ್ಪೆಯಲ್ಲಿ ಮೂರು ವರ್ಷಗಳಿಂದ ಸಣ್ಣದೊಂದು ವೆಲ್ಡಿಂಗ್ ಶೆಡ್ ನಡೆಸುತ್ತಿದ್ದೇನೆ. ಗೇಟು, ಗ್ರಿಲ್ ಕೆಲಸದ ಜೊತೆಗೆ ಈಗ ಬೋಟಿನ ಕೆಲಸವೂ ಬರುತ್ತಿದೆ. ವಿಂಚ್ ಕೂರಿಸುವ ಪ್ಲೇಟು, ಚುಕ್ಕಾಣಿಯ ಫ್ಲ್ಯಾಂಜ್, ಸ್ಟೇನ್‌ಲೆಸ್ ಪಟ್ಟಿ, ಇಂಥವು. ಇಷ್ಟು ದಿನ ಕೈ ಡ್ರಿಲ್‌ನಲ್ಲೇ ಸುಧಾರಿಸಿದೆ, ಇನ್ನು ಆಗುವುದಿಲ್ಲ. ಹೊಸ 13 ಎಂಎಂ (13ರವರೆಗಿನ ಬಿಟ್ ಹಿಡಿಯುವ) ಬೆಂಚ್ ಡ್ರಿಲ್‌ಗೆ ಅಂಗಡಿಯಲ್ಲಿ 17,000 ರೂಪಾಯಿ ಹೇಳಿದ್ದಾರೆ. ಬೈಕಂಪಾಡಿಯಲ್ಲಿ ಮುಚ್ಚಿಹೋದ ವರ್ಕ್‌ಶಾಪೊಂದರ 25 ಎಂಎಂ ಪಿಲ್ಲರ್ ಡ್ರಿಲ್ಲಿಂಗ್ ಮೆಷಿನ್ 30,000ಕ್ಕೆ ಇದೆ, ಆದರೆ ಅದರ ಮೋಟಾರು ತ್ರೀ ಫೇಸ್. ನನ್ನಲ್ಲಿರುವುದು ಸಿಂಗಲ್ ಫೇಸ್. ‘ಇನ್ನೊಬ್ಬರ ತಲೆನೋವನ್ನು ದುಡ್ಡು ಕೊಟ್ಟು ತರಬೇಡ’ ಎನ್ನುತ್ತಾರೆ ನನ್ನ ಭಾವ. ಯಾವುದನ್ನು ಕೊಳ್ಳಲಿ?
— ಹೆಸರು ಬೇಡ ಎಂದಿರುವ ಓದುಗರು, ಮಲ್ಪೆ

ಉತ್ತರ: ನಿಮ್ಮ ಭಾವ ಹೇಳಿದ ತಲೆನೋವನ್ನು ನಾನು ಒಮ್ಮೆ ತಂದಿದ್ದೇನೆ. ಹಾಗಿದ್ದೂ ನಿಮಗೆ ಹಳೆಯದನ್ನೇ ನೋಡಿ ಎನ್ನುತ್ತೇನೆ. ಯಾಕೆಂದು ಹೇಳುವ ಮೊದಲು ನನ್ನ ಪುರಾಣ ಸ್ವಲ್ಪ ಕೇಳಬೇಕು.

ಮಂಗಳೂರಿನ ಯೆಯ್ಯಾಡಿಯಲ್ಲಿ ಬಾಡಿಗೆ ಶೆಡ್ ಹಿಡಿದು ಕೆಲಸ ಶುರು ಮಾಡಿದಾಗ ನಾನು ಕೊಂಡದ್ದು ಹೊಸ ಬೆಂಚ್ ಡ್ರಿಲ್. ಆಯುಧಪೂಜೆಗೆ ಸೇವಂತಿಗೆ ಮಾಲೆ ಹಾಕಿ ನಿಲ್ಲಿಸಿದರೆ ಮದುಮಗನ ಹಾಗೆ ಕಾಣುತ್ತಿತ್ತು. ಮಾಲೆ ತೆಗೆದು 12 ಎಂಎಂ ಪ್ಲೇಟನ್ನು ಕೆಳಗಿಟ್ಟು ಹ್ಯಾಂಡಲ್ ಒತ್ತಿದೆನೋ, ಮದುಮಗನ ತಲೆ ಹಿಂದಕ್ಕೆ ವಾಲುತ್ತಿತ್ತು. ಕಂಬ ಅಷ್ಟು ಸಪೂರ. ತೂತು ಮೇಲೊಂದು ಕಡೆ ಹೊಕ್ಕು ಕೆಳಗೆ ಇನ್ನೊಂದು ಕಡೆ ಬರುತ್ತಿತ್ತು. ಎರಡು ವರ್ಷ ಸಹಿಸಿ ಸಿಟ್ಟಿನಲ್ಲಿ ಮಾರಿದೆ. ಅದೇ ಸಿಟ್ಟಿನಲ್ಲಿ ಗುಜರಿ ಅಂಗಡಿಯಿಂದ ಹಳೆಯದೊಂದನ್ನು ತಂದೆ. ಅದು ನನಗೆ ಇನ್ನೂ ದೊಡ್ಡ ಹೊಡೆತ ಕೊಟ್ಟಿತು, ಆ ಕಥೆಗೆ ಬರುತ್ತೇನೆ. ಈಗಿರುವುದು ಮೂರನೆಯದು. ಅದೂ ಹಳೆಯದೇ. ಹತ್ತೊಂಬತ್ತು ವರ್ಷಗಳಲ್ಲಿ ನಾನು ಅದಕ್ಕೆ ಹಾಕಿದ್ದು ಎರಡು ಜೊತೆ ಬೇರಿಂಗ್, ಬಿಟ್ ಕಚ್ಚಿ ಹಿಡಿಯುವ ಒಂದು ಚಕ್, ಲೆಕ್ಕವಿಲ್ಲದಷ್ಟು ಬೆಲ್ಟು.

ಪತ್ರದಲ್ಲಿ ನೀವು ಬರೆಯದೆ ಬಿಟ್ಟದ್ದು ತೂತಿನ ಅಳತೆ. ವಿಂಚ್ ಪ್ಲೇಟಿಗೆ 16ರ, 20ರ ಬೋಲ್ಟು ಎಂದು ಇಟ್ಟುಕೊಳ್ಳುತ್ತೇನೆ. ಹೈಸ್ಪೀಡ್ ಸ್ಟೀಲಿನ ಬಿಟ್ ಸಾದಾ ಕಬ್ಬಿಣದಲ್ಲಿ ನಿಮಿಷಕ್ಕೆ 25 ಮೀಟರಿನ ಆಸುಪಾಸಿನಲ್ಲಿ ಕತ್ತರಿಸಬಹುದು, ಸ್ಟೇನ್‌ಲೆಸ್‌ನಲ್ಲಿ 10ರಿಂದ 12 ಮೀಟರ್. ಆ ಅಂಕಿಯನ್ನು 318ರಿಂದ ಗುಣಿಸಿ ಬಿಟ್‌ನ ಎಂಎಂ ಅಳತೆಯಿಂದ ಭಾಗಿಸಿದರೆ ಮೆಷಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ ಸಿಗುತ್ತದೆ. ಸಾದಾ ಕಬ್ಬಿಣದಲ್ಲಿ 20 ಎಂಎಂ ತೂತಿಗೆ ಸುಮಾರು 400 ಸುತ್ತು. ಅದೇ ತೂತು ಸ್ಟೇನ್‌ಲೆಸ್‌ನಲ್ಲಿ ಆದರೆ 160ರಿಂದ 190. ಅಗ್ಗದ ಬೆಂಚ್ ಡ್ರಿಲ್‌ಗಳಲ್ಲಿ ಬಹಳಷ್ಟರ ಕನಿಷ್ಠ ವೇಗವೇ 500ರ ಮೇಲಿರುತ್ತದೆ. ಸಪೂರ ಶ್ಯಾಂಕಿನ, ಎಂದರೆ ಚಕ್ಕಿಗೆ ಹೋಗುವ ಬುಡ ಮಾತ್ರ ಸಣ್ಣದಿರುವ, ದೊಡ್ಡ ಬಿಟ್ ತಂದು 13ರ ಚಕ್ಕಿಗೆ ಸಿಕ್ಕಿಸುವವರಿದ್ದಾರೆ, ನಾನೂ ಸಿಕ್ಕಿಸಿದ್ದೇನೆ. ಸ್ಟೇನ್‌ಲೆಸ್ ಇಂಥ ಉಪಾಯಗಳಿಗೆ ಬಗ್ಗುವುದಿಲ್ಲ. ಬಿಟ್ ಕತ್ತರಿಸದೆ ನಾಲ್ಕು ಸುತ್ತು ಉಜ್ಜಿತೆಂದರೆ ಆ ಜಾಗ ಗಟ್ಟಿಯಾಗಿ ಕನ್ನಡಿಯ ಹಾಗೆ ಹೊಳೆಯುತ್ತದೆ, ಆಮೇಲೆ ಬಿಟ್ಟೇ ನೀಲಿಯಾಗಿ ಸಾಯುತ್ತದೆ. ಆದ್ದರಿಂದ ನಿಮ್ಮ ಕೆಲಸಕ್ಕೆ 17,000ದ ಹೊಸ ಮೆಷಿನ್ ಸಾಲದು. ಬರೀ ಗೇಟು, ಗ್ರಿಲ್ ಆಗಿದ್ದರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ ಎನ್ನುತ್ತಿದ್ದೆ. ಹೊಸದರಲ್ಲೇ 25 ಎಂಎಂ ಕೊಳ್ಳುವ ಶಕ್ತಿ ಇದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

ಇನ್ನು ನನ್ನ ಎರಡನೆಯ ಮೆಷಿನ್ನಿನ ಕಥೆ. ಹಸಿರು ಬಣ್ಣ ಹೊಸದಾಗಿ ಬಳಿದಿದ್ದರು, ವಾಸನೆ ಇನ್ನೂ ಇತ್ತು. ಸ್ವಿಚ್ ಹಾಕಿದರೆ ಮೋಟಾರು ಜೇನುಹುಳದಷ್ಟೇ ಸದ್ದು. ‘ಧನಿಗಳೇ, ಹತ್ತು ವರ್ಷ ಇದಕ್ಕೆ ಏನೂ ಆಗಲಿಕ್ಕಿಲ್ಲ’ ಎಂದರು ಮಾರುವವರು. ನಾನು ಮೋಟಾರಿನ ಸದ್ದಿಗೆ ಮರುಳಾಗಿ ದುಡ್ಡು ಎಣಿಸಿದೆ. ಶೆಡ್ಡಿಗೆ ತಂದು 20ರ ಟೇಪರ್ ಶ್ಯಾಂಕ್ ಬಿಟ್ (ಬುಡ ಕ್ರಮೇಣ ಸಪೂರವಾಗುವಂಥದ್ದು) ಹಾಕಿ ಒತ್ತಿದರೆ, ಬಿಟ್ಟನ್ನು ತಿರುಗಿಸಬೇಕಾದ ದಂಡ, ಅಂದರೆ ಸ್ಪಿಂಡಲ್ ತಿರುಗುತ್ತದೆ, ಬಿಟ್ ನಿಂತಿದೆ! ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಒಳಗಿನ ಟೇಪರು ಉತ್ತ ಗದ್ದೆಯ ಹಾಗಿತ್ತು. ಹಿಂದಿನವರು ಬಿಟ್ ಜಾರಿದರೂ ಬಿಡದೆ ಒತ್ತಿ ಒತ್ತಿ ಒಳಮೈಯನ್ನು ಕೆರೆದು ಹಾಕಿದ್ದರು. ಹೊಸ ಸ್ಪಿಂಡಲ್ ಮಾಡಿಕೊಡಲು ಲೇತ್‌ನವರು ಕೇಳಿದ ಮೊತ್ತ, ನಾನು ಇಡೀ ಮೆಷಿನ್ನಿಗೆ ಕೊಟ್ಟದ್ದರ ಅರ್ಧಕ್ಕಿಂತ ಹೆಚ್ಚು. ಅದನ್ನೂ ಮಾಡಿಸಿದೆ, ಮಾರಾಯರೇ. ತಿಂಗಳ ನಂತರ ಒಂದು ಸಂಜೆ ಟೇಬಲ್ಲಿನ ಕ್ಲ್ಯಾಂಪ್ ಬಿಗಿ ಮಾಡುವಾಗ ಟಪ್ ಎಂದು ಶಬ್ದ. ಟೇಬಲ್ ಹಿಡಿಯುವ ಬ್ರ್ಯಾಕೆಟ್ಟಿನ ಬಿರುಕಿಗೆ ಪುಟ್ಟಿ ತುಂಬಿ ಮೇಲೆ ಆ ಹಸಿರು ಬಣ್ಣ ಬಳಿದಿದ್ದರು. ಬೀಡು ಕಬ್ಬಿಣವನ್ನು ಮಾಮೂಲಿ ವೆಲ್ಡಿಂಗ್ ರಾಡಿನಲ್ಲಿ ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ವೆಲ್ಡಿಂಗ್ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ಅಂದಿನಿಂದ ಹೊಸ ಬಣ್ಣ ಕಂಡರೆ ನನಗೆ ಅನುಮಾನ. ತುಕ್ಕು, ಜಿಡ್ಡು ಹಿಡಿದ ಮೆಷಿನ್ ಹೆಚ್ಚು ಪ್ರಾಮಾಣಿಕ.

ಬೈಕಂಪಾಡಿಗೆ ಹೋಗುವಾಗ ಟಾರ್ಚು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಒಂದು ಹಳೆಯ ಸೈಕಲ್ ಕಡ್ಡಿ ತೆಗೆದುಕೊಂಡು ಹೋಗಿ. ಯಾರಾದರೂ ಟರ್ನರ್ ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ ಕೊಟ್ಟರೆ ಅದನ್ನೂ ಒಯ್ಯಿರಿ. ಸ್ವಿಚ್ ಮುಟ್ಟಬೇಡಿ. ಮೊದಲು ಡ್ರಿಫ್ಟ್ (ಬೆಣೆಯಂಥ ಕಬ್ಬಿಣದ ಪಟ್ಟಿ) ಹೊಡೆದು ಚಕ್ ಕಳಚಲು ಹೇಳಿ. ಚಕ್ ತೆಗೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಹಿಂತಿರುಗಬಹುದು. ಟೇಪರಿನ ಒಳಗೆ ಬಟ್ಟೆ ತೂರಿಸಿ ಒರೆಸಿ, ಟಾರ್ಚ್ ಬಿಟ್ಟು ನೋಡಿ, ಕಿರುಬೆರಳು ಆಡಿಸಿ. ನುಣ್ಣಗಿದ್ದರೆ ಅರ್ಧ ಗೆದ್ದಂತೆ. ಒಂದೆರಡು ಸಣ್ಣ ಗೀರುಗಳು ಪರವಾಗಿಲ್ಲ, ಅಲ್ಲಿ ಎದ್ದ ಮುಳ್ಳನ್ನು ರೀಮರ್ ಹಾಕಿ ತೆಗೆಯಬಹುದು. ಸುತ್ತಲೂ ಉಂಗುರದ ಹಾಗೆ ಗೀರು ಬಿದ್ದಿದ್ದರೆ ನನ್ನ ಹಸಿರು ಮೆಷಿನ್ನನ್ನು ನೆನಪಿಸಿಕೊಳ್ಳಿ. ಆ ಅಳತೆಯ ಮೆಷಿನ್ನಿನಲ್ಲಿ ಸಾಮಾನ್ಯವಾಗಿ 3ನೇ ನಂಬರ್ ಮೋರ್ಸ್ ಟೇಪರ್ (ನಂಬರಿನ ಪ್ರಕಾರ ಅಳತೆ ನಿಗದಿಯಾದ ಟೇಪರು) ಇರುತ್ತದೆ. ನಿಮ್ಮ 20ರ ಬಿಟ್‌ನದು 2ನೇ ನಂಬರ್. ಹಾಗಾಗಿ ನಡುವೆ ಹಾಕುವ ಸ್ಲೀವು ಜೊತೆಗೆ ಬರುತ್ತದೆಯೇ ಎಂದು ಕೇಳಿ.

ಬೆಲ್ಟ್ ಬಿಚ್ಚಿ ಸ್ಪಿಂಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಮರಳು ಜಗಿದಂತೆ ಕರಕರ ಎಂದರೆ ಬೇರಿಂಗ್ ಹೋಗಿದೆ. ಹೆದರಬೇಡಿ, ಬೇರಿಂಗ್ ಎಲ್ಲ ಕಡೆ ಸಿಗುತ್ತದೆ. ಬೆಲೆ ಇಳಿಸಲು ಅದೊಂದು ಒಳ್ಳೆಯ ನೆಪ. ಆಮೇಲೆ ಹ್ಯಾಂಡಲ್ ಒತ್ತಿ ಸ್ಪಿಂಡಲನ್ನು ಮೂರು ಇಂಚು ಕೆಳಗಿಳಿಸಿ, ಕೆಳತುದಿಯನ್ನು ಮುಷ್ಟಿಯಲ್ಲಿ ಹಿಡಿದು ಆಚೆ ಈಚೆ ಅಲುಗಿಸಿ. ಆಟ ಎಷ್ಟಿದೆ ಎಂದು ಡಯಲ್ ಗೇಜ್ ಹೇಳುತ್ತದೆ. ನನ್ನ ಲೆಕ್ಕದಲ್ಲಿ 0.05 ಎಂಎಂ ಒಳಗಿದ್ದರೆ ಭೇಷ್. 0.1ರವರೆಗೆ ಬೋಲ್ಟಿನ ತೂತಿಗೆ ತೊಂದರೆಯಿಲ್ಲ. 0.3 ಎಂದರೆ ತಲೆಯ ಎರಕವೇ ಸವೆದಿದೆ, ಅದಕ್ಕೆ ಮದ್ದಿಲ್ಲ.

ಈಗ ಚಕ್ ಮತ್ತೆ ಹಾಕಿ ಸೈಕಲ್ ಕಡ್ಡಿಯನ್ನು ಎರಡು ಕಡೆ ಬಗ್ಗಿಸಿ ಸಿಕ್ಕಿಸಿ. ಅದರ ತುದಿ ಟೇಬಲ್ಲಿನ ಅಂಚಿನ ಹತ್ತಿರ ಕೂದಲೆಳೆಯಷ್ಟು ಮೇಲಿರಬೇಕು. ಕೈಯಿಂದ ಒಂದು ಸುತ್ತು ತಿರುಗಿಸಿ. ಎಡಬಲದಲ್ಲಿ ಅಂತರ ಬೇರೆಯಾದರೆ ಟೇಬಲ್ ವಾಲಿದೆ, ಬೋಲ್ಟ್ ಸಡಿಲಿಸಿ ಸರಿಮಾಡಬಹುದು. ಮುಂದೆ ಹಿಂದೆ ಬೇರೆಯಾದರೆ ಬ್ರ್ಯಾಕೆಟ್ಟು ಜೋತುಬಿದ್ದಿದೆ ಅಥವಾ ಬಿರುಕು ಬಿಟ್ಟಿದೆ. ಟಾರ್ಚ್ ಅಲ್ಲಿಗೆ ಹಿಡಿಯಿರಿ, ಉಗುರಿನಿಂದ ಬಣ್ಣ ಕೆರೆಯಿರಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಟೇಬಲ್ ಮೇಲೆ ಹಿಂದಿನವರು ಕೊರೆದ ತೂತುಗಳು, ಹಲ್ಲು ಸವೆದ ಚಕ್, ಕಳೆದುಹೋದ ಹ್ಯಾಂಡಲ್ ಗುಂಡು, ಬಿರಿದ ಬೆಲ್ಟು, ಇವೆಲ್ಲ ಚಿಲ್ಲರೆ ಸಂಗತಿಗಳು. ಕಂಬದ ತುಕ್ಕನ್ನು ಮಾತ್ರ ಉಜ್ಜಿ ನೋಡಿ. ಮೇಲ್ಮೈಯ ತುಕ್ಕಾದರೆ ಹೋಗುತ್ತದೆ, ಗುಳಿ ಬಿದ್ದಿದ್ದರೆ ಟೇಬಲ್ ಏರಿಸಿ ಇಳಿಸುವುದು ದಿನಾ ಒಂದು ಯುದ್ಧ.

ಕರೆಂಟಿನ ವಿಷಯ. ಬೋಟಿನ ಕೆಲಸ ಹೆಚ್ಚುವುದಾದರೆ ಇಂದಲ್ಲ ನಾಳೆ ಮೆಸ್ಕಾಂಗೆ ತ್ರೀ ಫೇಸ್ ಅರ್ಜಿ ಹಾಕಲೇಬೇಕು. ಅಲ್ಲಿಯವರೆಗೆ ಎರಡು ದಾರಿ. ಒಂದು, ಮೋಟಾರು ಬದಲಿಸಿ ಒಂದು ಎಚ್‌ಪಿಯ 1,440 ಸುತ್ತಿನ ಸಿಂಗಲ್ ಫೇಸ್ ಮೋಟಾರು ಕೂರಿಸುವುದು. ಎರಡು, ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಡ್ರೈವ್. ಇದಕ್ಕೆ ಮೋಟಾರಿನ ಡಬ್ಬದಲ್ಲಿ ವೈಂಡಿಂಗ್ ತಂತಿಯ ಆರು ತುದಿಗಳು ಹೊರಗೆ ಬಂದಿರಬೇಕು. ವೈಂಡಿಂಗ್ ಮಾಡುವವರು ಅವನ್ನು ಡೆಲ್ಟಾ, ಎಂದರೆ ತ್ರಿಕೋನದ ಹಾಗಿನ, ಜೋಡಣೆಗೆ ಬದಲಿಸಿಕೊಡುತ್ತಾರೆ. ಡ್ರೈವ್‌ನ ಗುಂಡಿ ತಿರುಗಿಸಿ ವೇಗ ತಗ್ಗಿಸಬಹುದಲ್ಲ ಎಂದು ಬೆಲ್ಟ್ ಬದಲಿಸಲು ಸೋಮಾರಿತನ ಮಾಡಬೇಡಿ. ಪುಲ್ಲಿಯಲ್ಲಿ ವೇಗ ಇಳಿಸಿದರೆ ತಿರುಚುವ ಬಲ ಹೆಚ್ಚುತ್ತದೆ, ಡ್ರೈವ್‌ನಲ್ಲಿ ಇಳಿಸಿದರೆ ಹೆಚ್ಚುವುದಿಲ್ಲ. ದೊಡ್ಡ ಬಿಟ್ ಪ್ಲೇಟಿನ ಮಧ್ಯೆ ನಿಂತುಬಿಡುತ್ತದೆ.

ಯಾವಾಗ ಕೊಳ್ಳುವುದು ಎನ್ನುವುದೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ದಡ ಸೇರಿದಾಗಲೇ ನಿಮಗೆ ಕೆಲಸದ ರಾಶಿ. ಹಳೆಯ ಮೆಷಿನ್ ತಂದ ದಿನವೇ ದುಡಿಯಲು ನಿಲ್ಲುವುದಿಲ್ಲ. ಬೇರಿಂಗ್, ಮೋಟಾರು, ಬೆಲ್ಟಿನ ಕವರು ಎಂದು ನನ್ನದಕ್ಕೆ ಐದು ವಾರ ಹಿಡಿಯಿತು. ಏಪ್ರಿಲ್ ಒಳಗೆ ತರುವುದಾದರೆ ತನ್ನಿ. ಮೇ ಕೊನೆಯಲ್ಲಿ ತಂದು ಆ ಎರಡು ತಿಂಗಳು ಮೆಷಿನ್ ಬಿಚ್ಚಿಕೊಂಡು ಕುಳಿತರೆ ಭಾವನಿಗೆ ಮುಖ ತೋರಿಸುವುದು ಕಷ್ಟ.

ಟೇಪರು ಸರಿಯಿದ್ದರೆ 24,000ದಿಂದ ಮಾತು ಶುರು ಮಾಡಿ. ಉಳಿಯುವ ಆರು ಸಾವಿರ ರಿಪೇರಿಗೇ ಹೋಗುತ್ತದೆ, ಅದು ನಿಮ್ಮ ಲಾಭವಲ್ಲ. ನಿಮ್ಮದು ಜಿಎಸ್‌ಟಿ ನೋಂದಣಿ ಇರುವ ಶೆಡ್ ಆಗಿದ್ದರೆ ಬಿಲ್ ಕೇಳಿ, ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಬಹುದು. ಸಾಗಿಸುವಾಗ ಎಚ್ಚರ: ಇಂಥ ಮೆಷಿನ್ನಿನ ಭಾರವೆಲ್ಲ ತಲೆಯಲ್ಲಿ. ಟೇಬಲ್ಲನ್ನು ಬುಡಕ್ಕಿಳಿಸಿ, ಟೆಂಪೊದಲ್ಲಿ ಮಲಗಿಸಿ, ಕೆಳಗೆ ಹಳೆಯ ಟೈರು ಇಟ್ಟು ಕಟ್ಟಿ. ಶೆಡ್ಡಿನಲ್ಲಿ ಆಂಕರ್ ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯುವ ಮೊದಲು ಒಂದು ತೂತನ್ನೂ ಹೊಡೆಯಬೇಡಿ.

ಮಲ್ಪೆಯ ಉಪ್ಪುಗಾಳಿಗೆ ಹಳೆಯದು ಹೊಸದು ಎಂಬ ಭೇದವಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುತ್ತದೆ. ಸಂಜೆ ಬಾಗಿಲು ಹಾಕುವ ಮೊದಲು ಟೇಬಲ್ಲು, ಕಂಬ, ಸ್ಪಿಂಡಲ್ ಮೂರನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಪ್ಲಾಸ್ಟಿಕ್ ಹೊದಿಸುವವರಿದ್ದಾರೆ. ಅದರೊಳಗೆ ತೇವ ಬೆವರಿದ ಹಾಗೆ ಕೂತು ಎರಡೇ ದಿನಕ್ಕೆ ಟೇಬಲ್ ಕೆಂಪಾಗುತ್ತದೆ. ಹಳೆಯ ಬೆಡ್‌ಶೀಟ್ ಸಾಕು.

ಮತ್ತೆ, ಪ್ಲೇಟನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ, ಕೈಗವಸನ್ನೂ ಹಾಕಬೇಡಿ. ಬಿಟ್ ಆಚೆ ಬದಿಗೆ ಹೊರಡುವ ಕ್ಷಣದಲ್ಲಿ ಕಚ್ಚಿಕೊಂಡು ತೆಳು ಪ್ಲೇಟು ಫ್ಯಾನಿನ ಹಾಗೆ ತಿರುಗುತ್ತದೆ. ನನ್ನ ಎಡಗೈಯ ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಪ್ರಶ್ನೆ: ತೆಂಗಿನ ಗೆರಟೆಯಿಂದ ಚಮಚ, ದೀಪದ ಬುಟ್ಟಿ, ಕಿವಿಯೋಲೆ ಮಾಡಿ ಮಾರುತ್ತೇನೆ. ಕೈ ಡ್ರಿಲ್ಲಿಗೆ ಸ್ಟ್ಯಾಂಡ್ ಕೊಂಡರೆ ಸಾಕೇ, ಹಳೆಯ ಬೆಂಚ್ ಡ್ರಿಲ್ ಹುಡುಕಬೇಕೇ?
— ಗೃಹಿಣಿ, ಬ್ರಹ್ಮಾವರ

ಉತ್ತರ: ಅಮ್ಮಾ, ಮೇಲಿನ ಪುರಾಣವನ್ನೆಲ್ಲ ನೀವು ಮರೆತುಬಿಡಿ. ನಿಮ್ಮದು 1ರಿಂದ 6 ಎಂಎಂ ತೂತು, ಕಬ್ಬಿಣಕ್ಕಿಂತ ಮೆದು ವಸ್ತು, ಹೆಚ್ಚಿನ ವೇಗ. ಸಣ್ಣ ಹೊಸ ಬೆಂಚ್ ಡ್ರಿಲ್ ಕೊಳ್ಳಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿಕೊಳ್ಳಿ. ಕೈ ಡ್ರಿಲ್ಲಿನ ಅಗ್ಗದ ಸ್ಟ್ಯಾಂಡುಗಳು ಅಲುಗಾಡುತ್ತವೆ, ಕಿವಿಯೋಲೆಯ ತೂತಿಗೆ ಬಳಸುವ ಸಪೂರ ಬಿಟ್‌ಗಳು ಅದರಲ್ಲಿ ಪಟಪಟ ಮುರಿಯುತ್ತವೆ. ಅಂಗಡಿಯಲ್ಲೇ ಒಂದು 1 ಎಂಎಂ ಬಿಟ್ ಸಿಕ್ಕಿಸಿ ಮೆಷಿನ್ ಓಡಿಸಿ ತೋರಿಸಲು ಹೇಳಿ. ತುದಿ ಒಂದೇ ಚುಕ್ಕೆಯಾಗಿ ಕಾಣಬೇಕು, ಮಸುಕು ವೃತ್ತವಾಗಿ ಕಂಡರೆ ಬೇರೆ ಪೀಸ್ ತೆಗೆಸಿ. ಗೆರಟೆ ಉರುಟು, ಟೇಬಲ್ ಮೇಲೆ ನಿಲ್ಲುವುದಿಲ್ಲ. ಹಲಸಿನ ಮರದ ತುಂಡಿನಲ್ಲಿ ಗೆರಟೆಯ ಬೆನ್ನು ಕೂರುವಷ್ಟು ಗುಳಿ ತೋಡಿಸಿಕೊಳ್ಳಿ, ಊರಿನ ಆಚಾರಿಯವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಗೆರಟೆಯ ಹುಡಿ ಬಹಳ ನವಿರು, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಎತ್ತಿ ತುರುಬು ಕಟ್ಟಿದ ಮೇಲೆಯೇ ಸ್ವಿಚ್ ಹಾಕಿ.