ಓದುಗರ ಪ್ರಶ್ನೆ: ನಾಜಲ್‌ನಲ್ಲಿ ಹುಟ್ಟುವ ಸದ್ದು

ಪ್ರಶ್ನೆ: ಎಂಜಿನ್‌ನಲ್ಲಿ ಉರಿ ಸದ್ದು ಮಾಡುತ್ತದೆ ಎನ್ನುವುದು ಗೊತ್ತು. ‘ಪರೋಕ್ಷ ದಹನ ಶಬ್ದ’ ಎಂದರೇನು? ಉರಿಯೇ ಇಲ್ಲದೆ ಅದನ್ನು ಅಳೆಯಬಹುದೆ?

ಉತ್ತರ: ಅಳೆಯಬಹುದು. ಉರಿ ಇಲ್ಲದಿದ್ದರೆ ಇನ್ನೂ ಸುಲಭ. ದಹನಕೋಶದಿಂದ ಬರುವ ಅನಿಲ ಒಂದೇ ಹದದಲ್ಲಿ ಇರುವುದಿಲ್ಲ, ನಡುನಡುವೆ ಹೆಚ್ಚು ಬಿಸಿಯಾದ ಮುದ್ದೆಗಳು ತೇಲಿ ಬರುತ್ತವೆ. ನೇರ ಕೊಳವೆಯಲ್ಲಿ ಒಂದೇ ವೇಗದಲ್ಲಿ ಸಾಗುವಷ್ಟು ಹೊತ್ತು ಇವು ಮೌನಿಗಳು. ನಾಜಲ್ (ಕಿರಿದಾಗುವ ಕೊಳವೆಬಾಯಿ) ಸಿಕ್ಕಿ ಹರಿವು ವೇಗ ಹಿಡಿದಾಗಲೇ ತಕರಾರು: ಬಿಸಿ ಮುದ್ದೆಯ ಸಾಂದ್ರತೆ ಕಡಿಮೆ, ಹಾಗಾಗಿ ಅದೇ ಒತ್ತಡದ ನೂಕಿಗೆ ಅದು ಸುತ್ತಲ ಅನಿಲಕ್ಕಿಂತ ಹೆಚ್ಚು ವೇಗ ಪಡೆಯುತ್ತದೆ. ಈ ಏರುಪೇರನ್ನು ಸರಿದೂಗಿಸಲು ಒತ್ತಡದ ಅಲೆಗಳು ಹಿಂದಕ್ಕೂ ಮುಂದಕ್ಕೂ ಹೊರಡುತ್ತವೆ. ಇದೇ ಪರೋಕ್ಷ ದಹನ ಶಬ್ದ. ಬಿಸಿ ಮುದ್ದೆ ಉರಿಯಿಂದಲೇ ಬರಬೇಕೆಂದಿಲ್ಲ, ಹೀಟರ್ ಸಾಕು. ಸಂಶೋಧಕರಾದ ಮಾರ್ಬಲ್ ಮತ್ತು ಕಾಂಡೆಲ್ 1977ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ಬರ್ಲಿನ್‌ನಲ್ಲಿ ಜರ್ಮನ್ ಏರೋಸ್ಪೇಸ್ ಕೇಂದ್ರದವರು 30 ಮಿ.ಮೀ. ಕೊಳವೆಯಲ್ಲಿ ತಂತಿಗಳಿಗೆ ವಿದ್ಯುತ್ ಹಾಯಿಸಿ, ಗಾಳಿಯ ಉಷ್ಣತೆಯನ್ನು ಸುಮಾರು 9 ಕೆಲ್ವಿನ್‌ನಷ್ಟು ಏರಿಸಿ, ಕತ್ತು (ಅತಿ ಕಿರಿದಾದ ಭಾಗ) 7.5 ಮಿ.ಮೀ. ಇರುವ ನಾಜಲ್‌ಗೆ ಬಿಟ್ಟು ಅಳೆದರು. ಆ ಫಲಿತಾಂಶ ಪ್ರಕಟವಾದದ್ದು 2009ರಲ್ಲಿ.

ಪ್ರಶ್ನೆ: ಅದೇ ಅಳತೆಯ ಚಿಕ್ಕ ರಿಗ್ ನಮ್ಮ ಲ್ಯಾಬ್‌ನಲ್ಲಿದೆ. ಹೀಟರ್ 100 ಮಿಲಿಸೆಕೆಂಡ್ ಉರಿಯುತ್ತದೆ. ಸಿಮ್ಯುಲೇಶನ್‌ನಲ್ಲಿ ನಾಜಲ್ ಆಚೆಯ ಒತ್ತಡ ಏರಿ, 100 ಮಿಲಿಸೆಕೆಂಡ್ ಸಮತಟ್ಟಾಗಿ ನಿಲ್ಲುತ್ತದೆ. ಮೈಕ್ರೊಫೋನ್‌ನಲ್ಲಿ ಮಾತ್ರ ಏರಿದ್ದು ಬೇಗ ಇಳಿದು, ಹೀಟರ್ ಆರಿದ ಮೇಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮೆಶ್ (ಸಿಮ್ಯುಲೇಶನ್ ಲೆಕ್ಕದ ಜಾಲರಿ) ಎರಡು ಪಟ್ಟು ಸಣ್ಣ ಮಾಡಿದರೂ ಇದೇ ಕಥೆ. ಏಕೆ?

ಉತ್ತರ: ಮೆಶ್ ಬಿಡಿ. ತಪ್ಪು ಬಹುಶಃ ನಾಜಲ್‌ನಲ್ಲೂ ಇಲ್ಲ, ಮೈಕ್ರೊಫೋನ್‌ನಲ್ಲೋ ಕೊಳವೆಯ ಕೊನೆಯಲ್ಲೋ ಇದೆ.

ಮೊದಲು ಮೈಕ್ರೊಫೋನ್ ನೋಡಿ. ಅದರ ಕೆಳಮಿತಿ (ಅದು ಸರಿಯಾಗಿ ಹಿಡಿಯುವ ಅತಿ ಕಡಿಮೆ ಆವರ್ತನ) 5 ಹರ್ಟ್ಸ್ ಎಂದಿದ್ದರೆ ಸಮಯ ಸ್ಥಿರಾಂಕ (ತೋರಿಕೆ ಇಳಿಯಲು ಹಿಡಿಯುವ ಹೊತ್ತಿನ ಅಳತೆ) 32 ಮಿಲಿಸೆಕೆಂಡ್. ಸಮತಟ್ಟಾದ ಒತ್ತಡ ಕೊಟ್ಟರೂ 100 ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಅದು ನೂರಕ್ಕೆ ನಾಲ್ಕರಷ್ಟನ್ನು ಮಾತ್ರ ತೋರಿಸುತ್ತದೆ. ಒತ್ತಡ ನಿಂತ ಕೂಡಲೇ ಸೊನ್ನೆಯ ಕೆಳಗೂ ಇಳಿಯುತ್ತದೆ. ನೀವು ಹೇಳಿದ ಗೆರೆಯೇ ಅದು. ಸಿಮ್ಯುಲೇಶನ್ ಫಲಿತಾಂಶವನ್ನೂ ಅದೇ ಕೆಳಮಿತಿಯ ಫಿಲ್ಟರ್‌ನಿಂದ ಹಾಯಿಸಿ ಹೋಲಿಸಿ.

ಅದಾದ ಮೇಲೂ ತಾಳೆಯಾಗದಿದ್ದರೆ ಹೊರತುದಿಯ ಪ್ರತಿಫಲನ ಹಿಡಿಯಿರಿ. 100 ಮಿಲಿಸೆಕೆಂಡ್‌ನಲ್ಲಿ ಸದ್ದು 34 ಮೀಟರ್ ಸಾಗುತ್ತದೆ. ಅಂದರೆ ಪ್ರತಿಧ್ವನಿ ಬೆರೆಯದ ಅಳತೆ ಬೇಕೆಂದರೆ ಮೈಕ್ರೊಫೋನ್ ಆಚೆಗೆ 17 ಮೀಟರ್ ಕೊಳವೆ ಬೇಕು! ನಿಮ್ಮಲ್ಲಿ ಒಂದು ಮೀಟರ್ ಇದ್ದರೆ ಅಲೆ 6 ಮಿಲಿಸೆಕೆಂಡ್‌ನಲ್ಲೇ ತಿರುಗಿ ಬರುತ್ತದೆ. ತೆರೆದ ತುದಿಯಲ್ಲಿ, ಕಡಿಮೆ ಆವರ್ತನದಲ್ಲಿ, ಅದು ಚಿಹ್ನೆ ಬದಲಿಸಿಕೊಂಡು ಬಂದು ಮೂಲ ಅಲೆಯನ್ನೇ ತಿನ್ನುತ್ತದೆ. ಸಿಮ್ಯುಲೇಶನ್‌ನಲ್ಲಿ ‘ಪ್ರತಿಫಲನವಿಲ್ಲದ’ ಅಂಚು (ಅಲೆಯನ್ನು ತಿರುಗಿಸದೆ ಹೊರಬಿಡುವ ಕೊನೆ) ಹಾಕಿದರೆ ಈ ತಿನ್ನುವಿಕೆ ಇರುವುದಿಲ್ಲ, ಗೆರೆ ಸಮತಟ್ಟು.

ಆ ಅಂಚೂ ಹೆಸರಿಗೆ ತಕ್ಕಂತೆ ಇರುವುದಿಲ್ಲ. ಒತ್ತಡವನ್ನು ಸರಾಸರಿಯತ್ತ ಎಳೆಯುವ ರಿಲ್ಯಾಕ್ಸೇಶನ್ ಗುಣಾಂಕವನ್ನು 12.6ರಿಂದ ಭಾಗಿಸಿದರೆ ಬರುವ ಆವರ್ತನಕ್ಕಿಂತ ಕೆಳಗೆ ಅದು ಪ್ರತಿಫಲಿಸುತ್ತದೆ. ಗುಣಾಂಕ ಸೆಕೆಂಡಿಗೆ 100 ಎಂದಿದ್ದರೆ 8 ಹರ್ಟ್ಸ್. ಗುಣಾಂಕವನ್ನು ಊಹಿಸಿ ಗೆರೆಗೆ ಹೊಂದಿಸಬೇಡಿ, ಅದು ಮೋಸ. ಹೀಟರ್ ಆರಿಸಿ, ಸ್ಪೀಕರ್‌ನಿಂದ ಸದ್ದು ಬಿಟ್ಟು, ಎರಡು ಮೈಕ್ರೊಫೋನ್‌ಗಳಿಂದ ತುದಿಯ ಪ್ರತಿಫಲನ ಅಳೆದು ಅದನ್ನೇ ಅಂಚಿಗೆ ಕೊಡಿ.

ಕೈಲೆಕ್ಕವನ್ನೂ ಮಾಡಿಟ್ಟುಕೊಳ್ಳಿ. ಕೊಳವೆಗೂ ಕತ್ತಿಗೂ ವಿಸ್ತೀರ್ಣದ ಅನುಪಾತ 16, ಕತ್ತು ಚೋಕ್ ಆಗಿದ್ದರೆ (ಅಲ್ಲಿ ಹರಿವು ಸದ್ದಿನ ವೇಗ ಮುಟ್ಟಿದ್ದರೆ) ಒಳಬಾಯಿಯಲ್ಲಿ ಮ್ಯಾಕ್ (ಹರಿವಿನ ವೇಗ ಭಾಗಿಸು ಸದ್ದಿನ ವೇಗ) 0.036. ಚೋಕ್ ಆದ ನಾಜಲ್‌ನಿಂದ ಹಿಂದಕ್ಕೆ ಹೋಗುವ ಅಲೆ ಹೆಚ್ಚುಕಡಿಮೆ ಮ್ಯಾಕ್‌ನ ಅರ್ಧ, ಗುಣಿಸು ಗಾಮಾ, ಗುಣಿಸು ಒತ್ತಡ, ಗುಣಿಸು ಉಷ್ಣತೆಯ ಏರಿಕೆಯ ಪಾಲು. ಗಾಮಾ (ಅನಿಲದ ವಿಶಿಷ್ಟ ಉಷ್ಣಗಳ ಅನುಪಾತ) 1.4, ಒತ್ತಡ 1 ಬಾರ್, 300 ಕೆಲ್ವಿನ್‌ಗೆ 9 ಕೆಲ್ವಿನ್ ಏರಿಕೆ ಎಂದರೆ ಸುಮಾರು 75 ಪಾಸ್ಕಲ್ ತಗ್ಗು. ಪ್ರತಿಫಲನ ತೆಗೆದ ಮೇಲೂ ಇದರ ಹತ್ತು ಪಟ್ಟು ಬಂದರೆ ಎಲ್ಲೋ ಎಡವಿದ್ದೀರಿ.

ಇನ್ನೊಂದು: ಹೀಟರ್ ಹೊತ್ತಿದ್ದರಿಂದಲೇ ನೇರ ಸದ್ದೂ ಹುಟ್ಟುತ್ತದೆ. ಎರಡನ್ನೂ ಬೇರ್ಪಡಿಸಲು ಹೀಟರನ್ನು 10 ಸೆಂ.ಮೀ. ಹಿಂದಕ್ಕೆ ಸರಿಸಿ. ಹರಿವು ಸೆಕೆಂಡಿಗೆ 12 ಮೀಟರ್ ಇದ್ದರೆ ಪರೋಕ್ಷ ಭಾಗ 8 ಮಿಲಿಸೆಕೆಂಡ್ ತಡವಾಗುತ್ತದೆ, ನೇರ ಭಾಗ ಬಹುತೇಕ ಕದಲುವುದಿಲ್ಲ. ಚೋಕ್ ಆಗದ ನಾಜಲ್‌ನಲ್ಲಂತೂ ನೇರ ಭಾಗವನ್ನು ಬಿಟ್ಟು ಲೆಕ್ಕ ಮಾಡಲೇಬಾರದು.

ಪ್ರಶ್ನೆ: 1977ರ ಸೂತ್ರ ಯಾವಾಗ ಕೈಕೊಡುತ್ತದೆ?

ಉತ್ತರ: ಅಲೆಗಳ ಮುಂದೆ ನಾಜಲ್ ತೀರ ಗಿಡ್ಡ ಎಂದು ಆ ಸೂತ್ರ ಹಿಡಿಯುತ್ತದೆ. ಬರಿ ಸದ್ದಿನ ತರಂಗಾಂತರ ನೋಡಿ ಸಮಾಧಾನಪಡುವವರೇ ಹೆಚ್ಚು. 1800 ಕೆಲ್ವಿನ್ ಅನಿಲದಲ್ಲಿ 400 ಹರ್ಟ್ಸ್ ಸದ್ದಿನ ಉದ್ದ ಸುಮಾರು 2 ಮೀಟರ್. ಬಿಸಿ ಮುದ್ದೆಗಳ ಅಲೆ ಮಾತ್ರ ಹರಿವಿನ ವೇಗದಲ್ಲೇ ಸಾಗುತ್ತದೆ, ಹಾಗಾಗಿ ಮ್ಯಾಕ್ 0.1 ಇದ್ದರೆ ಅದರ ಉದ್ದ ಬರೀ 20 ಸೆಂ.ಮೀ. ನಾಜಲ್ 10 ಸೆಂ.ಮೀ. ಇದ್ದರೆ ಗಿಡ್ಡ ಎನ್ನುವ ಮಾತೇ ಇಲ್ಲ. ಜೊತೆಗೆ, ಆ ಸೂತ್ರದಲ್ಲಿ ಒಳಗೂ ಹೊರಗೂ ಮ್ಯಾಕ್ ಒಂದೇ ಆದರೆ ಸದ್ದು ಸೊನ್ನೆ. ಹರಿವು ಗೋಡೆ ಬಿಟ್ಟು ಒತ್ತಡ ನಷ್ಟವಾಗುವ ನಿಜವಾದ ನಾಜಲ್‌ನಲ್ಲಿ ಹಾಗಾಗುವುದಿಲ್ಲ. ನಾಜಲ್ ಬದಲು ಆರಿಫಿಸ್ ತಟ್ಟೆ (ತೂತಿರುವ ಚಪ್ಪಟೆ ತಟ್ಟೆ) ಇದ್ದರೆ ಆ ನಷ್ಟವನ್ನು ಮಾದರಿಗೆ ಸೇರಿಸಿಯೇ ಮುಂದುವರಿಯಿರಿ.